ಲಿಂಚ್: ಕರ್ತೃವಿಲ್ಲದ ಕ್ರಿಯಾಪದ



ಇಂಗ್ಲಿಷಿನಲ್ಲಿ ಲಿಂಚ್ ಎಂಬ ಒಂದು ಪುಟ್ಟ ಕ್ರಿಯಾಪದವಿದೆ. ವಾರ್ತೆ ಕೇಳುವವರಿಗೆ, ಪತ್ರಿಕೆ ಓದುವವರಿಗೆ ಅದು ಈಗ ಹೊಸದಲ್ಲ. ಒಂದು ಗುಂಪು ಸೇರುತ್ತದೆ. ಯಾರೋ ಒಬ್ಬನ ಮೇಲೆ ಆರೋಪ ಹೊರಿಸುತ್ತದೆ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ಕೋರ್ಟು ಇಲ್ಲ. ನಿಂತ ಜಾಗದಲ್ಲೇ ತೀರ್ಪು, ಅಲ್ಲೇ ಶಿಕ್ಷೆ. ಬಹಳ ಸಲ ಆ ಶಿಕ್ಷೆ ಸಾವೇ ಆಗಿರುತ್ತದೆ.

ಈ ಪದ ಹುಟ್ಟಿ ಸುಮಾರು 240 ವರ್ಷ ಆಯಿತು. ಹುಟ್ಟಿದಾಗ ಅದಕ್ಕೆ ಕೊಲೆ ಎಂಬ ಅರ್ಥ ಇರಲಿಲ್ಲ. ಅದನ್ನು ಮೊದಲು ಬಾಯಲ್ಲಿ ಆಡಿದವರು ಹೊಡೆಸಿಕೊಂಡವರಲ್ಲ, ಹೊಡೆದವರು. ಅವರ ಬಾಯಲ್ಲಿ ಅದು ನ್ಯಾಯದ ಹೆಸರಾಗಿತ್ತು. ಅದೇ ಪದ ಇಂದು ಒಂದು ದೊಡ್ಡ ಅಪರಾಧದ ಹೆಸರು. ನ್ಯಾಯದ ಹೆಸರು ಅಪರಾಧದ ಹೆಸರಾದದ್ದು ಹೇಗೆ? ಅದನ್ನು ಹಾಗೆ ತಿರುಗಿಸಿದವರು ಯಾರು? ಇವತ್ತಿನ ಮಾತು ಇದರ ಸುತ್ತಲೇ.

ವ್ಯಾಕರಣದ ಒಂದು ಸಣ್ಣ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಕ್ರಿಯೆ ಎಂದಮೇಲೆ ಅದನ್ನು ಮಾಡಿದವನೊಬ್ಬ ಇರಬೇಕು. ಅವನೇ ಕರ್ತೃ. ಲಿಂಚ್ ಎಂಬ ಕ್ರಿಯಾಪದ ಮಾತ್ರ ಸಾಮಾನ್ಯವಾಗಿ ಕರ್ತೃವನ್ನು ಬಿಟ್ಟೇ ಓಡಾಡಿದೆ. ಇಂಥವನನ್ನು ಲಿಂಚ್ ಮಾಡಲಾಯಿತು. ಮಾಡಿದವರು ಯಾರು? ವಾಕ್ಯ ಹೇಳುವುದಿಲ್ಲ. ಈ ಪದದ ಚರಿತ್ರೆಯುದ್ದಕ್ಕೂ ಜಗಳ ನಡೆದಿರುವುದು ಆ ಖಾಲಿ ಜಾಗವನ್ನು ತುಂಬುವ ಬಗ್ಗೆಯೇ.

ಈಗ 1780ಕ್ಕೆ ಹೋಗೋಣ.

ಅಮೆರಿಕದ ಜನ ಬ್ರಿಟಿಷ್ ದೊರೆಯ ವಿರುದ್ಧ ಸ್ವಾತಂತ್ರ್ಯದ ಯುದ್ಧ ನಡೆಸುತ್ತಿದ್ದ ಕಾಲ. ವರ್ಜೀನಿಯಾದ ಬೆಡ್‌ಫರ್ಡ್ ಕೌಂಟಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಎಂದುಕೊಳ್ಳಬಹುದು. ಅಲ್ಲಿ ಚಾರ್ಲ್ಸ್ ಲಿಂಚ್ ಎಂಬ ಜಮೀನ್ದಾರನಿದ್ದ. ಕ್ವೇಕರ್ ಪಂಥದ ಮನೆಯಲ್ಲಿ ಹುಟ್ಟಿದವನು. ಆ ಪಂಥದಲ್ಲಿ ಪ್ರಮಾಣವಚನ ತೆಗೆದುಕೊಳ್ಳುವುದು ನಿಷಿದ್ಧ. ಅಧಿಕಾರಕ್ಕಾಗಿ ಪ್ರಮಾಣ ಮಾಡಿದ್ದರಿಂದ ಪಂಥದವರು ಅವನನ್ನು ಹೊರಗಿಟ್ಟಿದ್ದರು. ಯುದ್ಧಕಾಲದಲ್ಲಿ ಆತ ಸ್ಥಳೀಯ ಸೇನೆಯ ಕರ್ನಲ್. ಊರಿನ ಮ್ಯಾಜಿಸ್ಟ್ರೇಟ್ ಕೂಡ.

ದೊರೆಗೆ ನಿಷ್ಠರಾಗಿದ್ದವರು ಆ ಭಾಗದಲ್ಲಿ ದಂಗೆಗೆ ಸಂಚು ಮಾಡುತ್ತಿದ್ದಾರೆ ಎಂಬ ಸುದ್ದಿ ಬಂತು. ಅಂಥ ಗಂಭೀರ ಮೊಕದ್ದಮೆ ನಡೆಸುವ ಅಧಿಕಾರ ಊರಿನ ಕೋರ್ಟಿಗಿರಲಿಲ್ಲ. ರಾಜಧಾನಿಯ ಕೋರ್ಟು ದೂರ. ದಾರಿಯ ತುಂಬ ಯುದ್ಧ. ಲಿಂಚ್ ಮತ್ತು ಅವನ ಜೊತೆಗಾರರು ತಾವೇ ಕೋರ್ಟು ಕೂಡಿಸಿದರು. ಸಂಶಯ ಬಂದವರನ್ನು ಹಿಡಿದು ತಂದು ವಿಚಾರಿಸಿದರು. ತಪ್ಪಿತಸ್ಥ ಎಂದು ಕಂಡವನಿಗೆ ಚಾವಟಿಯ ಏಟು. ಆಸ್ತಿ ಜಪ್ತಿ. ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ. ಕೆಲವರನ್ನು ಬಲವಂತವಾಗಿ ಸೇನೆಗೆ ಸೇರಿಸಿದ್ದೂ ಉಂಟು. ಲಿಂಚನ ಮನೆಯಂಗಳದ ವಾಲ್‌ನಟ್ ಮರಕ್ಕೆ ಕಟ್ಟಿ ಹೊಡೆಯುತ್ತಿದ್ದರು ಎಂಬ ಪ್ರತೀತಿ ಆ ಊರಲ್ಲಿದೆ. ಆದರೆ ಆ ಕೋರ್ಟಿನ ಶಿಕ್ಷೆಗಳಲ್ಲಿ ನೇಣು ಇರಲಿಲ್ಲ.

1782ರಲ್ಲಿ ಬರೆದ ಒಂದು ಪತ್ರದಲ್ಲಿ ಲಿಂಚನೇ ತನ್ನ ಹೆಸರಿಟ್ಟು ಲಿಂಚನ ಕಾಯಿದೆ ಎಂಬ ಮಾತು ಬಳಸಿದ್ದಾನೆ. ಅದೇ ವರ್ಷ ವರ್ಜೀನಿಯಾದ ಶಾಸನಸಭೆ ಒಂದು ಕಾಯಿದೆ ಮಾಡಿತು. ಲಿಂಚ್ ಮತ್ತು ಅವನ ಸಂಗಡಿಗರು ಮಾಡಿದ್ದು ಕಾನೂನಿಗೆ ಪೂರ್ತಿ ಒಪ್ಪುವಂಥದಲ್ಲ, ಆದರೆ ಅಪಾಯದ ಹೊತ್ತಿನಲ್ಲಿ ಅದು ಸಲ್ಲುತ್ತದೆ ಎಂದು ಹೇಳಿ, ಅವರ ಮೇಲೆ ಯಾರೂ ದಾವೆ ಹೂಡದಂತೆ ರಕ್ಷಣೆ ಕೊಟ್ಟಿತು. ಈ ಪದದ ಹುಟ್ಟಿನಲ್ಲೇ ಕ್ಷಮೆಯೂ ಬೆರೆತಿದೆ ಎಂಬುದನ್ನು ಗಮನಿಸಬೇಕು.

ಪದದ ಮೂಲದ ಬಗ್ಗೆ ಬೇರೆ ವಾದಗಳೂ ಇವೆ. ಪಕ್ಕದ ಪಿಟ್ಸಿಲ್ವೇನಿಯಾ ಕೌಂಟಿಯ ವಿಲಿಯಂ ಲಿಂಚ್ ಎಂಬುವನೂ ಅದೇ ಕಾಲದಲ್ಲಿ ನೆರೆಹೊರೆಯವರ ಜೊತೆ ಇಂಥದೇ ಒಪ್ಪಂದ ಮಾಡಿಕೊಂಡಿದ್ದ ಎಂದು 1836ರಲ್ಲಿ ಒಂದು ಪತ್ರಿಕೆ ಬರೆಯಿತು. ಆ ಪತ್ರಿಕೆಯ ಸಂಪಾದಕರು ಕತೆಗಾರ ಎಡ್ಗರ್ ಅಲನ್ ಪೋ. ಐರ್ಲೆಂಡಿನಲ್ಲಿ ಮಗನನ್ನೇ ಗಲ್ಲಿಗೇರಿಸಿದ ಮೇಯರ್ ಲಿಂಚನ ಕತೆಯೂ ಒಂದಿದೆ. ಅದು ದಂತಕತೆ. ವಿದ್ವಾಂಸರ ಒಲವು ಹೆಚ್ಚಾಗಿ ಬೆಡ್‌ಫರ್ಡಿನ ಚಾರ್ಲ್ಸ್ ಲಿಂಚನ ಕಡೆಗೇ.

ಇಷ್ಟು ನೆನಪಿಟ್ಟುಕೊಳ್ಳಿ. ಮೊದಲ ಅರ್ಥದಲ್ಲಿ ಲಿಂಚ್ ಎಂದರೆ ಕಾನೂನನ್ನು ಕೈಗೆ ತೆಗೆದುಕೊಂಡು ಹೊಡೆಯುವುದು. ಮಾಡಿದವರು ಊರಿನ ದೊಡ್ಡವರು. ಅವರು ಮುಖ ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳುವ ಅಗತ್ಯವೂ ಬೀಳಲಿಲ್ಲ.

ಮುಂದಿನ ತಿರುವು 1830ರ ದಶಕದ್ದು. ಹೊಡೆತ ಕೊಲೆಯಾಗಿ ಬದಲಾದ ಕಾಲ.

1835ರ ಜುಲೈ. ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಪಟ್ಟಣ. ಅಲ್ಲಿನ ಗುಂಪೊಂದು ಐವರು ಜೂಜುಕೋರರನ್ನು ನೇಣಿಗೆ ಹಾಕಿತು. ದೇಶದ ಪತ್ರಿಕೆಗಳೆಲ್ಲ ಈ ಸುದ್ದಿಯನ್ನು ಬರೆದವು. ಲಿಂಚ್ ಎಂಬುದು ದಿನಬಳಕೆಯ ಕ್ರಿಯಾಪದವಾಗಿ ಊರೂರಿಗೆ ಹರಡಿದ್ದು ಈ ವರ್ಷಗಳಲ್ಲಿ.

ಮರುವರ್ಷ ಸೇಂಟ್ ಲೂಯಿಸ್ ನಗರ. ಫ್ರಾನ್ಸಿಸ್ ಮ್ಯಾಕಿಂಟಾಶ್ ದೋಣಿಯಲ್ಲಿ ದುಡಿಯುತ್ತಿದ್ದ ಕಪ್ಪು ಜನಾಂಗದ ಸ್ವತಂತ್ರ ಮನುಷ್ಯ. ಗುಲಾಮನಲ್ಲ. ಬಂಧನದ ವೇಳೆ ನಡೆದ ಜಗಳದಲ್ಲಿ ಅವನ ಚಾಕುವಿನಿಂದ ಒಬ್ಬ ಅಧಿಕಾರಿ ಸತ್ತ. ಗುಂಪು ಸೆರೆಮನೆಗೆ ನುಗ್ಗಿತು. ಅವನನ್ನು ಹೊರಗೆಳೆದು ಮರಕ್ಕೆ ಸರಪಳಿಯಿಂದ ಬಿಗಿದು ಜೀವಂತ ಸುಟ್ಟಿತು.

ಆಮೇಲೆ ನಡೆದದ್ದು ಈ ಪದದ ಚರಿತ್ರೆಯಲ್ಲಿ ಬಹಳ ಮುಖ್ಯ. ಪ್ರಕರಣವನ್ನು ನೋಡಿದ ನ್ಯಾಯಾಧೀಶ ಲ್ಯೂಕ್ ಲಾಲೆಸ್ ಜ್ಯೂರಿಗೆ ಒಂದು ಸೂಚನೆ ಕೊಟ್ಟ. ಕೆಲವೇ ಜನ ಸೇರಿ ಮಾಡಿದ್ದರೆ ಅವರ ಮೇಲೆ ಆರೋಪ ಹೊರಿಸಿ. ಇಡೀ ಜನಸಮೂಹವೇ ಆವೇಶದಲ್ಲಿ ಮಾಡಿದ್ದರೆ ಅದು ಕಾನೂನಿನ ಕೈಗೆ ಸಿಕ್ಕುವ ವಿಷಯವಲ್ಲ. ಆತ ಹೇಳಿದ್ದರ ತಾತ್ಪರ್ಯ ಇದು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಹತ್ತು ಜನ ಕೊಂದರೆ ಅಪರಾಧ, ಸಾವಿರ ಜನ ಕೊಂದರೆ ಅಪರಾಧವಿಲ್ಲ. ಕ್ರಿಯಾಪದದಿಂದ ಕರ್ತೃ ಮಾಯವಾದದ್ದು ಹೀಗೆ. ಅದನ್ನು ಮಾಯ ಮಾಡಿದ್ದು ನ್ಯಾಯಪೀಠ.

ಎಲೈಜಾ ಲವ್‌ಜಾಯ್ ಎಂಬ ಪತ್ರಿಕಾ ಸಂಪಾದಕರು ಇದನ್ನು ಖಂಡಿಸಿ ಬರೆದರು. ಅವರ ಅಚ್ಚುಕೂಟವನ್ನು ಒಡೆದು ಹಾಕಲಾಯಿತು. ಅವರು ನದಿ ದಾಟಿ ಆಲ್ಟನ್ ಎಂಬ ಊರಿಗೆ ಹೋದರು. 1837ರ ನವೆಂಬರಿನಲ್ಲಿ ಅಲ್ಲೂ ಗುಂಪು ಬಂದು ಅವರನ್ನು ಗುಂಡಿಕ್ಕಿ ಕೊಂದಿತು. 1838ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಊರಿನ ಯುವಕರ ಸಭೆಯಲ್ಲಿ ಒಬ್ಬ ತರುಣ ವಕೀಲರು ವಿಕ್ಸ್‌ಬರ್ಗಿನ ಜೂಜುಕೋರರನ್ನೂ ಸೇಂಟ್ ಲೂಯಿಸಿನ ಬೆಂಕಿಯನ್ನೂ ಎತ್ತಿ ಹೇಳಿದರು. ಇದು ಹೀಗೇ ಬೆಳೆದರೆ ದೇಶಕ್ಕೆ ಹೊರಗಿನ ಶತ್ರು ಬೇಕಾಗಿಲ್ಲ ಎಂದು ಎಚ್ಚರಿಸಿದರು. ಅವರ ವಯಸ್ಸು 28. ಹೆಸರು ಅಬ್ರಹಾಂ ಲಿಂಕನ್.

ಇಲ್ಲಿಗೆ ಎರಡು ಅರ್ಥ ಆಯಿತು. ಒಂದು, ಕಾನೂನು ಮೀರಿದ ಹೊಡೆತ. ಎರಡು, ಗುಂಪು ಮಾಡುವ ಕೊಲೆ. ಆಗಿನ್ನೂ ಈ ಪದಕ್ಕೆ ಒಂದೇ ಜನಾಂಗದ ನಂಟು ಅಂಟಿರಲಿಲ್ಲ. ಪಶ್ಚಿಮದ ಗಣಿಗಳ ಊರುಗಳಲ್ಲಿ ಮೆಕ್ಸಿಕನ್ ಮೂಲದವರನ್ನು ಹೀಗೆ ಕೊಂದರು. ಇತಿಹಾಸಕಾರರು ಐನೂರಕ್ಕೂ ಹೆಚ್ಚು ಇಂಥ ಸಾವುಗಳನ್ನು ಗುರುತಿಸಿದ್ದಾರೆ. 1871ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಒಂದೇ ರಾತ್ರಿ ಸುಮಾರು 18 ಚೀನೀಯರನ್ನು ಕೊಂದರು. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 11 ಮಂದಿ ಇಟಲಿ ಮೂಲದವರನ್ನು ಕೊಂದರು. ಪದ ಒಂದೇ, ಗುರಿ ಬೇರೆ ಬೇರೆ.

ಮೂರನೆಯ ಅರ್ಥ ಅಮೆರಿಕದ ಅಂತರ್ಯುದ್ಧದ ನಂತರದ್ದು. ಅದೇ ಅತ್ಯಂತ ಕ್ರೂರವಾದದ್ದು.

1865ರಲ್ಲಿ ಗುಲಾಮಗಿರಿ ರದ್ದಾಯಿತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಮತ ಹಾಕಿದರು. ಶಾಲೆ ಕಟ್ಟಿದರು. ಶಾಸನಸಭೆಗಳಿಗೆ ಆರಿಸಿ ಬಂದರು. 1877ರಲ್ಲಿ ಕೇಂದ್ರದ ಸೇನೆಯ ಕಾವಲು ಹಿಂದೆ ಸರಿಯಿತು. ಸಿಕ್ಕಿದ ಹಕ್ಕುಗಳನ್ನು ಒಂದೊಂದಾಗಿ ಕಿತ್ತುಕೊಳ್ಳುವ ಕೆಲಸ ಜೋರಾಯಿತು. ಆ ಕೆಲಸದ ಮುಖ್ಯ ಆಯುಧ ಭಯ. ಒಬ್ಬನನ್ನು ಕೊಂದರೆ ಆ ಇಡೀ ಕೌಂಟಿಯ ಕಪ್ಪು ಜನ ಬಾಯಿ ಮುಚ್ಚುತ್ತಿದ್ದರು.

ಇದು ಕತ್ತಲಲ್ಲಿ ಗುಟ್ಟಾಗಿ ನಡೆಯುತ್ತಿದ್ದ ಕೊಲೆ ಎಂದು ಯಾರೂ ತಿಳಿಯಬಾರದು. ಎಷ್ಟೋ ಕಡೆ ಹಗಲಲ್ಲೇ ನಡೆಯಿತು. ಸಾವಿರಾರು ಜನ ಸೇರುತ್ತಿದ್ದರು. ಹೆಂಗಸರು, ಮಕ್ಕಳೂ ಬರುತ್ತಿದ್ದರು. ಛಾಯಾಗ್ರಾಹಕರು ಫೋಟೊ ತೆಗೆದು ಅಂಚೆ ಕಾರ್ಡು ಮಾಡಿ ಮಾರುತ್ತಿದ್ದರು. ಕೊಂದವರ ಮುಖಗಳು ಆ ಕಾರ್ಡಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಕೆಲವರು ಕ್ಯಾಮೆರಾ ನೋಡಿ ನಗುತ್ತಿದ್ದಾರೆ. 1908ರಲ್ಲಿ ಅಮೆರಿಕದ ಅಂಚೆ ಇಲಾಖೆ ಇಂಥ ಕಾರ್ಡುಗಳ ರವಾನೆಯನ್ನು ನಿಷೇಧಿಸಬೇಕಾಯಿತು ಎಂದರೆ ಅವು ಎಷ್ಟು ಓಡಾಡುತ್ತಿದ್ದವು ಎಂದು ಊಹಿಸಬಹುದು. ಇಷ್ಟಾದರೂ ಮರಣದ ವಿಚಾರಣೆ ನಡೆಸುವ ಅಧಿಕಾರಿ ಮತ್ತೆ ಮತ್ತೆ ಬರೆಯುತ್ತಿದ್ದದ್ದು ಒಂದೇ ಷರಾ. ಅಪರಿಚಿತ ವ್ಯಕ್ತಿಗಳ ಕೈಯಿಂದ ಸಾವು.

ಊರಿಗೆ ಊರೇ ನೋಡಿದ ಮುಖಗಳು ಕಾಗದದ ಮೇಲೆ ಅಪರಿಚಿತವಾದವು. ಪತ್ರಿಕೆಗಳೂ ಹಾಗೇ ಬರೆದವು. ಇಂಥ ಊರಿನಲ್ಲಿ ಇಂಥವನನ್ನು ಲಿಂಚ್ ಮಾಡಲಾಯಿತು. ಕೆಲವು ಪತ್ರಿಕೆಗಳು ಒಂದು ಹೆಜ್ಜೆ ಮುಂದೆ ಹೋಗಿ ಇದನ್ನು ಜಡ್ಜ್ ಲಿಂಚನ ತೀರ್ಪು ಎಂದೇ ಬರೆಯುತ್ತಿದ್ದವು. ಕೊಂದ ನೆರೆಹೊರೆಯವರ ಬದಲಿಗೆ ಇಲ್ಲದ ಒಬ್ಬ ನ್ಯಾಯಾಧೀಶನನ್ನು ಕರ್ತೃವಾಗಿ ಕೂರಿಸಿದರು.

ಕೇಳುಗರೇ, ಇದುವರೆಗೆ ಈ ಕ್ರಿಯಾಪದ ಮಾಡಿದವರ ವಶದಲ್ಲಿತ್ತು. ಅದನ್ನು ಅವರಿಂದ ಬಿಡಿಸಿಕೊಂಡವರ ಕತೆ ಇನ್ನು ಮುಂದೆ.

ಅವರಲ್ಲಿ ಮೊದಲು ಹೇಳಬೇಕಾದ ಹೆಸರು ಐಡಾ ಬಿ. ವೆಲ್ಸ್. 1862ರಲ್ಲಿ ಮಿಸಿಸಿಪ್ಪಿಯ ಹಾಲಿ ಸ್ಪ್ರಿಂಗ್ಸ್ ಊರಿನಲ್ಲಿ ಗುಲಾಮರ ಮಗಳಾಗಿ ಹುಟ್ಟಿದವರು. ಹದಿನಾರರ ವಯಸ್ಸಿನಲ್ಲಿ ಹಳದಿ ಜ್ವರಕ್ಕೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ತಮ್ಮ ತಂಗಿಯರನ್ನು ಸಾಕಲು ಮೇಷ್ಟ್ರ ಕೆಲಸ ಹಿಡಿದರು. ಆಮೇಲೆ ಮೆಂಫಿಸ್ ನಗರದಲ್ಲಿ ಫ್ರೀ ಸ್ಪೀಚ್ ಎಂಬ ಪತ್ರಿಕೆಯ ಸಂಪಾದಕಿ, ಪಾಲುದಾರೆ.

ಮೆಂಫಿಸ್‌ನಲ್ಲಿ ವೆಲ್ಸ್ ಅವರ ಸ್ನೇಹಿತ ಥಾಮಸ್ ಮಾಸ್ ಅಂಚೆಯವನಾಗಿದ್ದ. ಇನ್ನು ಕೆಲವರ ಜೊತೆ ಸೇರಿ ಪೀಪಲ್ಸ್ ಗ್ರೋಸರಿ ಎಂಬ ದಿನಸಿ ಅಂಗಡಿ ತೆರೆದಿದ್ದ. ಎದುರಿಗೆ ಒಬ್ಬ ಬಿಳಿಯನ ಅಂಗಡಿ. ಅವನ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಜಗಳ ಹತ್ತಿತು, ಗುಂಡು ಹಾರಿತು, ಮಾಸ್ ಮತ್ತು ಅವನ ಇಬ್ಬರು ಸಂಗಡಿಗರು ಸೆರೆಮನೆ ಸೇರಿದರು. 1892ರ ಮಾರ್ಚ್ 9ರ ಬೆಳಗಿನ ಜಾವದ ಕತ್ತಲಲ್ಲಿ ಗುಂಪು ಬಂದು ಮೂವರನ್ನೂ ಹೊರಗೆ ಒಯ್ದು ಊರಾಚೆ ಗುಂಡಿಕ್ಕಿ ಕೊಂದಿತು. ಹಗ್ಗವಿಲ್ಲ, ಮರವಿಲ್ಲ. ಇದೂ ಲಿಂಚಿಂಗೇ.

ಅಲ್ಲಿಯವರೆಗೆ ಹೆಚ್ಚಿನವರು ನಂಬಿದ್ದ ಒಂದು ಸಮರ್ಥನೆ ಇತ್ತು. ಬಿಳಿ ಹೆಂಗಸರ ಮಾನ ಕಾಪಾಡಲು ಜನ ರೊಚ್ಚಿಗೆದ್ದು ಹೀಗೆ ಮಾಡುತ್ತಾರೆ ಎಂದು. ವೆಲ್ಸ್ ಅವರಿಗೆ ಮಾಸ್ ಯಾರೆಂದು ಗೊತ್ತಿತ್ತು. ಅವನ ತಪ್ಪು ಅಂಗಡಿ ಇಟ್ಟದ್ದು. ಹಾಗಾದರೆ ಉಳಿದವರ ವಿಷಯ? ಅವರು ಲೆಕ್ಕಕ್ಕೆ ಕುಳಿತರು.

ಅವರು ಹಿಡಿದ ದಾರಿ ಸರಳ. ಷಿಕಾಗೊ ಟ್ರಿಬ್ಯೂನ್ ಪತ್ರಿಕೆ 1880ರ ದಶಕದಿಂದ ಪ್ರತಿವರ್ಷ ಇಂಥ ಕೊಲೆಗಳ ಪಟ್ಟಿ ಕೊಡುತ್ತಿತ್ತು. ಅದು ಬಿಳಿಯರ ಪತ್ರಿಕೆ. ಆ ಪಟ್ಟಿಯನ್ನೇ ತೆಗೆದುಕೊಂಡು ಹೆಸರು, ಊರು, ಆರೋಪ ಎಂದು ವಿಂಗಡಿಸಿದರು. ಕೆಲವು ಕಡೆ ತಾವೇ ಹೋಗಿ ಜನರನ್ನು ಮಾತಾಡಿಸಿದರು. ಸತ್ತವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರ ಮೇಲಷ್ಟೇ ಅತ್ಯಾಚಾರದ ಆರೋಪವಿತ್ತು. ಹೆಚ್ಚಿನವರ ಮೇಲೆ ಆರೋಪವೇ ಇಲ್ಲ ಎಂದಮೇಲೆ ಸಾಬೀತಿನ ಮಾತೇನು? ಉಳಿದವರನ್ನು ಕೊಂದದ್ದು ಜಗಳಕ್ಕೆ, ಕಳ್ಳತನದ ಗುಮಾನಿಗೆ, ಎದುರು ಮಾತಿಗೆ, ಕೆಲವರನ್ನು ಏನೂ ಇಲ್ಲದೆ.

1892ರ ಮೇ ತಿಂಗಳಲ್ಲಿ ವೆಲ್ಸ್ ಈ ಮಾತನ್ನು ಪತ್ರಿಕೆಯಲ್ಲಿ ಬರೆದರು. ಅವರು ಊರಲ್ಲಿ ಇಲ್ಲದಾಗ ಗುಂಪು ಫ್ರೀ ಸ್ಪೀಚ್ ಕಚೇರಿಯನ್ನು ನಾಶ ಮಾಡಿತು. ಮೆಂಫಿಸ್‌ಗೆ ಕಾಲಿಟ್ಟರೆ ಜೀವಸಹಿತ ಬಿಡುವುದಿಲ್ಲ ಎಂಬ ಬೆದರಿಕೆ ಬಂತು. ಅವರು ನ್ಯೂಯಾರ್ಕಿನಲ್ಲಿ ಉಳಿದು ಬರೆದರು. ಅದೇ ವರ್ಷ ಸದರ್ನ್ ಹಾರರ್ಸ್, 1895ರಲ್ಲಿ ಎ ರೆಡ್ ರೆಕಾರ್ಡ್ ಎಂಬ ಹೊತ್ತಗೆಗಳು ಬಂದವು. ಬ್ರಿಟನ್ನಿಗೆ ಎರಡು ಸಲ ಹೋಗಿ ಊರೂರಲ್ಲಿ ಭಾಷಣ ಮಾಡಿದರು. ಆ 1892 ಇಡೀ ಚರಿತ್ರೆಯಲ್ಲೇ ಕೆಟ್ಟ ವರ್ಷ. ಆ ಒಂದೇ ವರ್ಷ ಸುಮಾರು 230 ಜನ ಲಿಂಚಿಂಗಿಗೆ ಬಲಿಯಾದರು.

ವೆಲ್ಸ್ ಹಾಕಿಕೊಟ್ಟ ದಾರಿಯಲ್ಲಿ ಬೇರೆಯವರು ನಡೆದರು. ಅಲಬಾಮಾದ ಟಸ್ಕೀಗಿ ಸಂಸ್ಥೆಯಲ್ಲಿ ಸಮಾಜಶಾಸ್ತ್ರಜ್ಞ ಮನ್ರೋ ವರ್ಕ್ ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಕಡತ ಮಾಡಿದರು. ಅಲ್ಲಿನ ಲೆಕ್ಕದ ಪ್ರಕಾರ 1882ರಿಂದ 1968ರವರೆಗೆ ಲಿಂಚಿಂಗಿಗೆ ಬಲಿಯಾದವರು ಸುಮಾರು 4,700 ಮಂದಿ. ಅವರಲ್ಲಿ 3,400ಕ್ಕೂ ಹೆಚ್ಚು ಜನ ಕಪ್ಪು ಜನಾಂಗದವರು. ಎನ್.ಎ.ಎ.ಸಿ.ಪಿ. ಎಂಬ ಹಕ್ಕುಗಳ ಸಂಸ್ಥೆ 1936ರಿಂದ ನ್ಯೂಯಾರ್ಕಿನ ತನ್ನ ಕಚೇರಿಯ ಕಿಟಕಿಯಿಂದ ಒಂದು ಕಪ್ಪು ಬಾವುಟ ಹಾರಿಸುತ್ತಿತ್ತು. ಅದರ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ವಾಕ್ಯ. ನಿನ್ನೆ ಒಬ್ಬ ಮನುಷ್ಯನನ್ನು ಲಿಂಚ್ ಮಾಡಲಾಯಿತು. ಇಲ್ಲೂ ಕರ್ತೃವಿಲ್ಲ. ಆದರೆ ಈ ಸಲ ಆ ಖಾಲಿ ಜಾಗ ಫಿಫ್ತ್ ಅವೆನ್ಯೂ ಬೀದಿಯಲ್ಲಿ ಓಡಾಡುವ ಪ್ರತಿಯೊಬ್ಬರನ್ನೂ ಪ್ರಶ್ನೆ ಕೇಳುತ್ತಿತ್ತು. ಮಾಡಿದವರು ಯಾರು? ಬಾವುಟ ಇಳಿಸದಿದ್ದರೆ ಕಚೇರಿ ಖಾಲಿ ಮಾಡಿ ಎಂಬ ಒತ್ತಾಯ ಬಂದು 1938ರಲ್ಲಿ ಅದನ್ನು ಇಳಿಸಬೇಕಾಯಿತು.

ಹೀಗೆ, ಲಿಂಚ್ ಎಂಬುದು ಮಾಡಿದವರ ಹೆಮ್ಮೆಯ ಮಾತಾಗಿದ್ದುದು ಲೆಕ್ಕ ಇಟ್ಟವರ ಆಪಾದನೆಯ ಮಾತಾಯಿತು. ಮಾಡುವವರು ಈ ಪದಕ್ಕೇ ಹೆದರುವಂತಾಯಿತು. ಆಗ ಹುಟ್ಟಿದ್ದು ಹೊಸ ಜಗಳ. ಯಾವುದನ್ನು ಲಿಂಚ್ ಎನ್ನಬೇಕು, ಯಾವುದನ್ನು ಅನ್ನಬಾರದು?

ಎಣಿಸಬೇಕೆಂದರೆ ಮೊದಲು ವ್ಯಾಖ್ಯೆ ಬೇಕು. 1940ರಲ್ಲಿ ಟಸ್ಕೀಗಿಯಲ್ಲಿ ಬೇರೆ ಬೇರೆ ಸಂಘಟನೆಗಳವರು ಕೂತು ಒಂದು ವ್ಯಾಖ್ಯೆ ಒಪ್ಪಿದರು. ಮನುಷ್ಯ ಸತ್ತಿರುವುದಕ್ಕೆ ಪುರಾವೆ ಇರಬೇಕು. ಸಾವು ಕಾನೂನಿಗೆ ವಿರುದ್ಧವಾಗಿ ಆಗಿರಬೇಕು. ಕೊಂದವರು ಮೂವರು ಅಥವಾ ಹೆಚ್ಚು ಇರಬೇಕು. ನ್ಯಾಯ, ಜನಾಂಗ ಅಥವಾ ಸಂಪ್ರದಾಯದ ರಕ್ಷಣೆಯ ನೆಪ ಇರಬೇಕು. ಈ ಅಳತೆಯಿಟ್ಟು ಎಣಿಸಿ 1952ರಲ್ಲಿ ಟಸ್ಕೀಗಿ ಒಂದು ಘೋಷಣೆ ಮಾಡಿತು. ಎಣಿಕೆ ಶುರುವಾದ ಮೇಲೆ ಲಿಂಚಿಂಗ್ ಇಲ್ಲದ ಮೊದಲ ವರ್ಷ ಇದು ಎಂದು.

ಮೂರೇ ವರ್ಷದ ನಂತರ, 1955ರ ಆಗಸ್ಟಿನಲ್ಲಿ, ಷಿಕಾಗೊದ 14 ವರ್ಷದ ಹುಡುಗ ಎಮೆಟ್ ಟಿಲ್ ಮಿಸಿಸಿಪ್ಪಿಯ ನೆಂಟರ ಮನೆಗೆ ಬಂದಿದ್ದ. ಅಂಗಡಿಯ ಬಿಳಿ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಎಂಬ ನೆಪದಲ್ಲಿ ಅವನನ್ನು ರಾತ್ರಿ ಎತ್ತಿಕೊಂಡು ಹೋಗಿ ಕೊಂದು ಹೊಳೆಗೆ ಎಸೆದರು. ಮಿಸಿಸಿಪ್ಪಿಯ ಗವರ್ನರ್ ಇದು ಕೊಲೆಯೇ ಹೊರತು ಲಿಂಚಿಂಗ್ ಅಲ್ಲ ಎಂದರು. ಕೊಲೆ ಎಂದರೆ ಆರೋಪಿಗಳಿಬ್ಬರ ತಪ್ಪು. ಲಿಂಚಿಂಗ್ ಎಂದರೆ ಇಡೀ ರಾಜ್ಯದ ತಪ್ಪು. ಹುಡುಗನ ತಾಯಿ ಮೇಮಿ ಟಿಲ್ ಒಪ್ಪಲಿಲ್ಲ. ಗುರುತು ಸಿಗದಂತೆ ಜಜ್ಜಿಹೋಗಿದ್ದ ಮಗನ ಮುಖವನ್ನು ಲೋಕ ನೋಡಲಿ ಎಂದು ಶವಪೆಟ್ಟಿಗೆ ತೆರೆದೇ ಇಟ್ಟರು. ಸಾವಿರಾರು ಜನ ಸಾಲಿನಲ್ಲಿ ನಿಂತು ನೋಡಿದರು. ಬಿಳಿಯರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳಿಬ್ಬರನ್ನೂ ಬಿಡುಗಡೆ ಮಾಡಿತು. ಕೆಲವು ತಿಂಗಳ ನಂತರ ಅವರೇ ಒಂದು ಪತ್ರಿಕೆಗೆ ಹಣಕ್ಕೆ ತಮ್ಮ ಕತೆ ಮಾರಿ, ತಾವೇ ಕೊಂದದ್ದು ಎಂದು ಒಪ್ಪಿಕೊಂಡರು.

ಅಮೆರಿಕದ ಸಂಸತ್ತಿನಲ್ಲೂ ಪದದ ಜಗಳ ನಡೆಯಿತು. 1918ರಲ್ಲಿ ಮಿಸೌರಿಯ ಪ್ರತಿನಿಧಿ ಲಿಯೊನಿಡಸ್ ಡೈಯರ್ ಒಂದು ಮಸೂದೆ ತಂದರು. ಲಿಂಚಿಂಗ್ ನಡೆದ ಕೌಂಟಿಯೇ ಸತ್ತವನ ಮನೆಯವರಿಗೆ ಹತ್ತು ಸಾವಿರ ಡಾಲರ್ ಕೊಡಬೇಕು ಎಂಬ ಅಂಶ ಅದರಲ್ಲಿತ್ತು. ಅಪರಿಚಿತ ವ್ಯಕ್ತಿಗಳು ಎಂದು ಬರೆದು ಕೈ ತೊಳೆದುಕೊಳ್ಳುವುದಕ್ಕೆ ಅದು ಉತ್ತರ. ಮಾಡಿದವರ ಹೆಸರು ಸಿಗದಿದ್ದರೆ ಕೌಂಟಿಯೇ ಕರ್ತೃ. 1922ರಲ್ಲಿ ಕೆಳಮನೆ ಮಸೂದೆಯನ್ನು ಪಾಸು ಮಾಡಿತು. ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಮಾತನ್ನು ಎಳೆದೆಳೆದು ಮತಕ್ಕೇ ಬಾರದಂತೆ ಮಾಡಿದರು. ಇದೂ ಸೇರಿ ಸುಮಾರು 200 ಮಸೂದೆಗಳು ಬಂದು ಬಿದ್ದವು. 2005ರಲ್ಲಿ ಸೆನೆಟ್ ಇದಕ್ಕಾಗಿ ಕ್ಷಮೆ ಕೇಳಿತು. 2022ರ ಮಾರ್ಚಿನಲ್ಲಿ ಕೊನೆಗೂ ಕಾಯಿದೆ ಆಯಿತು. ಅದರ ಹೆಸರು ಎಮೆಟ್ ಟಿಲ್ ಕಾಯಿದೆ. ದ್ವೇಷದ ಅಪರಾಧಕ್ಕೆ ಒಳಸಂಚು ಮಾಡಿ, ಅದರಿಂದ ಸಾವಾದರೂ ತೀವ್ರ ಗಾಯವಾದರೂ 30 ವರ್ಷದವರೆಗೆ ಸೆರೆವಾಸ. ಗಾಯವೂ ಸೇರಿತು ಎಂಬುದು ಗಮನಾರ್ಹ. ಸಾವಿಲ್ಲದ ಹೊಡೆತದಿಂದ ಶುರುವಾದ ಪದದ ವ್ಯಾಪ್ತಿಗೆ ಹೊಡೆತ ಮತ್ತೆ ಬಂದಿತು, ಈ ಸಲ ಅಪರಾಧವಾಗಿ.

ಇಷ್ಟು ಹೊತ್ತು ಕೇಳಿದ್ದು ಪದದ ತೂಕ ಬೆಳೆದ ಕತೆ. ತೂಕದ ಪದವನ್ನು ಬೇರೆ ಕೆಲಸಕ್ಕೆ ಎಳೆದದ್ದೂ ಉಂಟು. ಅದಕ್ಕೆ ಎರಡು ಉದಾಹರಣೆ ಸಾಕು.

ಕ್ಯಾಲಿಫೋರ್ನಿಯಾದಲ್ಲಿ 1933ರ ಒಂದು ಕಾಯಿದೆ ಇತ್ತು. ಪೊಲೀಸರ ವಶದಲ್ಲಿರುವ ವ್ಯಕ್ತಿಯನ್ನು ಗಲಭೆ ಮಾಡಿ ಹೊರಗೆಳೆಯುವುದಕ್ಕೆ ಆ ಕಾಯಿದೆ ಲಿಂಚಿಂಗ್ ಎಂದು ಹೆಸರಿಟ್ಟಿತ್ತು. ಸೆರೆಮನೆಗೆ ನುಗ್ಗುವ ಗುಂಪುಗಳಿಂದ ಕೈದಿಯನ್ನು ಕಾಪಾಡುವುದು ಅದರ ಉದ್ದೇಶ. ಸುಮಾರು 80 ವರ್ಷಗಳ ನಂತರ ಪೊಲೀಸರು ಅದೇ ಕಾಯಿದೆಯನ್ನು ಪ್ರತಿಭಟನಕಾರರ ಮೇಲೆ ಹೂಡಿದರು. 2015ರಲ್ಲಿ ಬಂಧಿತ ಸಂಗಡಿಗನನ್ನು ಬಿಡಿಸಲು ಎಳೆದಳು ಎಂದು ಕಪ್ಪು ಜನಾಂಗದ ಒಬ್ಬ ಯುವತಿಯ ಮೇಲೆ ಲಿಂಚಿಂಗ್ ಆರೋಪ ಬಿತ್ತು. ಎಲ್ಲ ಕಡೆಯಿಂದ ಆಕ್ಷೇಪ ಎದ್ದಿತು. ಅದೇ ವರ್ಷ ಆ ರಾಜ್ಯ ಕಾಯಿದೆಯಿಂದ ಆ ಪದವನ್ನು ತೆಗೆದುಹಾಕಿತು. ಅಪರಾಧ ಉಳಿಯಿತು, ಹೆಸರು ಹೋಯಿತು.

ಎರಡನೆಯದು ರಾಜಕೀಯದ್ದು. 1991ರಲ್ಲಿ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನಗೊಂಡಿದ್ದ ಕ್ಲಾರೆನ್ಸ್ ಥಾಮಸ್ ಮೇಲೆ ಅನಿತಾ ಹಿಲ್ ಲೈಂಗಿಕ ಕಿರುಕುಳದ ದೂರು ಹೇಳಿದರು. ಇಬ್ಬರೂ ಕಪ್ಪು ಜನಾಂಗದವರೇ. ಸೆನೆಟ್ ವಿಚಾರಣೆಯನ್ನು ಥಾಮಸ್ ಹೈಟೆಕ್ ಲಿಂಚಿಂಗ್ ಎಂದು ಕರೆದರು. 2019ರಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ತಮ್ಮ ವಿರುದ್ಧದ ಮಹಾಭಿಯೋಗದ ತನಿಖೆಯನ್ನು ಲಿಂಚಿಂಗ್ ಎಂದಾಗ ಅವರ ಪಕ್ಷದವರೂ ಕೆಲವರು ಆಕ್ಷೇಪಿಸಿದರು. ಅವರನ್ನು ಟೀಕಿಸಿದ ಜೋ ಬೈಡನ್ ಕೂಡ 1998ರಲ್ಲಿ ಇಂಥದೇ ಸಂದರ್ಭದಲ್ಲಿ ಅದೇ ಪದ ಬಳಸಿದ್ದು ಹೊರಬಿದ್ದು, ಅವರು ಕ್ಷಮೆ ಕೇಳಿದರು. ಎದುರಿಗೆ ವಕೀಲರು, ಕಡತಗಳು, ಉತ್ತರ ಹೇಳಲು ಬೇಕಾದಷ್ಟು ಸಮಯ ಇರುವ ವಿಚಾರಣೆಗೂ ಥಾಮಸ್ ಮಾಸ್‌ನ ಆ ರಾತ್ರಿಗೂ ಒಂದೇ ಹೆಸರು ಸಲ್ಲುವುದಿಲ್ಲ.

ಈ ಕ್ರಿಯಾಪದ ಇಂಗ್ಲಿಷಿನಲ್ಲೇ ನಿಲ್ಲಲಿಲ್ಲ. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಿಗೆ ಹೆಚ್ಚು ಬದಲಾಗದೆ ಹೋಯಿತು. ಜಪಾನಿನಲ್ಲಿ ಅದು ರಿಂಚಿ ಆಯಿತು. ಅಲ್ಲಿ ಅದರ ಅರ್ಥ ಗುಂಪು ಕಟ್ಟಿಕೊಂಡು ಒಬ್ಬನಿಗೆ ಹೊಡೆಯುವುದು. ಸಾಯಲೇಬೇಕೆಂದಿಲ್ಲ. ಬೆಡ್‌ಫರ್ಡಿನ ಹಳೆಯ ಅರ್ಥಕ್ಕೆ ಅದೇ ಹತ್ತಿರ.

ನಮ್ಮ ದೇಶಕ್ಕೂ ಅದು ಬಂತು. ಕನ್ನಡ ಪತ್ರಿಕೆಗಳು ಗುಂಪು ಹತ್ಯೆ ಎಂದು ಬರೆಯುತ್ತವೆ. 2018ರ ಬೇಸಿಗೆ, ಮಳೆಗಾಲದ ದಿನಗಳನ್ನು ಕೇಳುಗರು ನೆನಪಿಸಿಕೊಳ್ಳಬಹುದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಓಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ಕಟ್ಟಿ ಹೊಡೆದು ಕೊಂದರು. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ಕಾರನ್ನು ತಡೆದು ಹಲ್ಲೆ ಮಾಡಿದರು. ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಸಂಶಯಕ್ಕೆ ಕಾರಣ. ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವಂತೆ ಮಿತಿ ಹಾಕಿತು.

2018ರ ಜುಲೈ 17ರಂದು ಭಾರತದ ಸುಪ್ರೀಂ ಕೋರ್ಟ್ ಗುಂಪು ಹತ್ಯೆಯ ಬಗ್ಗೆ ಒಂದು ತೀರ್ಪು ಕೊಟ್ಟಿತು. ಪ್ರತಿ ಜಿಲ್ಲೆಯಲ್ಲೂ ಎಸ್ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯೊಬ್ಬರು ಇದರ ಹೊಣೆ ಹೊರಬೇಕು. ಮೊಕದ್ದಮೆ ಸಾಧ್ಯವಾದಷ್ಟೂ ಆರು ತಿಂಗಳಲ್ಲಿ ಮುಗಿಯಬೇಕು. ಬಲಿಯಾದವರ ಕುಟುಂಬಕ್ಕೆ ಪರಿಹಾರದ ಯೋಜನೆ ಇರಬೇಕು. ಇವು ಅದರ ಮುಖ್ಯ ಸೂಚನೆಗಳು. ಆದರೆ ಎಣಿಕೆಯ ಪ್ರಶ್ನೆ ಉಳಿಯಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗ 2017ರಲ್ಲಿ ಇಂಥ ಪ್ರಕರಣಗಳ ಅಂಕಿ ಸಂಗ್ರಹಿಸಲು ಹೊರಟಿತ್ತು. ಅಂಕಿಗಳು ನಂಬುವಂತಿಲ್ಲ ಎಂದು ಕೆಲಸ ನಿಲ್ಲಿಸಲಾಯಿತು ಎಂದು ಸರ್ಕಾರ 2021ರಲ್ಲಿ ಸಂಸತ್ತಿಗೆ ತಿಳಿಸಿತು. ಟಸ್ಕೀಗಿಯ ತೊಡಕೇ ಇದು. ವ್ಯಾಖ್ಯೆ ಇಲ್ಲದೆ ಎಣಿಸಲಾಗುವುದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್ನಿನ ಎರಡನೆಯ ಉಪವಿಭಾಗ ಈಗ ಒಂದು ವ್ಯಾಖ್ಯೆ ಕೊಟ್ಟಿದೆ. ಅದರಲ್ಲಿ ಲಿಂಚ್ ಎಂಬ ಪದವೇ ಇಲ್ಲ. ಐದು ಅಥವಾ ಹೆಚ್ಚು ಜನರ ಗುಂಪು ಒಟ್ಟಾಗಿ, ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದೇ ಕಾರಣದಿಂದ ಕೊಲೆ ಮಾಡಿದರೆ, ಆ ಗುಂಪಿನ ಪ್ರತಿಯೊಬ್ಬ ಸದಸ್ಯನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ಜೊತೆಗೆ ದಂಡ. ಪ್ರತಿಯೊಬ್ಬ ಸದಸ್ಯನಿಗೂ ಎಂಬ ಮಾತನ್ನು ಒತ್ತಿ ಹೇಳಬೇಕು. ಜನಸಮೂಹ ಮಾಡಿದ್ದಕ್ಕೆ ಯಾರೂ ಹೊಣೆಯಲ್ಲ ಎಂದು 1836ರಲ್ಲಿ ಸೇಂಟ್ ಲೂಯಿಸಿನ ನ್ಯಾಯಾಧೀಶ ಹೇಳಿದ್ದಕ್ಕೆ ಇದು ನೇರ ವಿರುದ್ಧ.

ಇನ್ನೂ ತೀರ್ಮಾನವಾಗಬೇಕಾದ ವಿಷಯವಿದೆ. ಮಕ್ಕಳ ಕಳ್ಳ ಎಂಬ ವದಂತಿ ನಂಬಿ ಮಾಡಿದ ಕೊಲೆ ಅಂಥದೇ ಕಾರಣ ಎಂಬ ಮಾತಿನೊಳಗೆ ಬರುತ್ತದೆಯೇ? ಮುರ್ಕಿಯಂಥ ಪ್ರಕರಣ ನಾಳೆ ಈ ಸೆಕ್ಷನ್ನಿನ ಕೆಳಗೆ ದಾಖಲಾಗುತ್ತದೆಯೇ, ಸಾಮಾನ್ಯ ಕೊಲೆಯ ಲೆಕ್ಕಕ್ಕೆ ಸೇರಿಹೋಗುತ್ತದೆಯೇ? ಅದನ್ನು ಕೋರ್ಟುಗಳು ಹೇಳಬೇಕು. ಅದಕ್ಕೂ ಮೊದಲು ಠಾಣೆಯಲ್ಲಿ ಎಫ್‌ಐಆರ್ ಬರೆಯುವ ಅಧಿಕಾರಿ ಯಾವ ಸೆಕ್ಷನ್ ಹಾಕುತ್ತಾರೆ ಎಂಬುದು ಮುಖ್ಯ. ಆ ಸೆಕ್ಷನ್ ಹಾಕಿದ ಪ್ರಕರಣಗಳನ್ನು ವರ್ಷವರ್ಷವೂ ಬೇರೆಯಾಗಿ ಎಣಿಸಿ ಪ್ರಕಟಿಸಬೇಕು. ಐಡಾ ವೆಲ್ಸ್ ಪತ್ರಿಕೆಯ ಪಟ್ಟಿ ಹಿಡಿದು ಒಬ್ಬರೇ ಮಾಡಿದ ಕೆಲಸವನ್ನು ಇಲ್ಲಿ ಸರ್ಕಾರದ ಇಲಾಖೆಯೇ ಮಾಡಬಹುದು. ಆ ಲೆಕ್ಕ ಕೇಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ.